ಬಚ್ಚಲ ಹಂಡೆಯಿಂದ ಗೀಸರಿನವರೆಗೆ: ಬಿಸಿನೀರಿನ ಬೆಲೆ ಕೊಟ್ಟವರು ಯಾರು?

ಮಳೆಗಾಲದ ನಡುವೆ ಮನೆಯ ಗೀಸರ್ ಕೆಟ್ಟರೆ ಅದರ ಬಿಸಿ ಮೊದಲು ತಟ್ಟುವುದು ಕಿಸೆಗೆ. ಕಾರವಾರ ಮತ್ತು ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿಗಿರುವ ಅಮದಳ್ಳಿಯಂಥ ಊರಿಗೆ ಪ್ಲಂಬರ್ ಬಹುಮಟ್ಟಿಗೆ ಪೇಟೆಯ ಕಡೆಯಿಂದಲೇ ಬರಬೇಕು. ಬಂದವರು ಬಿಚ್ಚಿ ನೋಡಿ, ‘ಒಳಗಿನ ಟ್ಯಾಂಕ್ ತುಕ್ಕು ಹಿಡಿದು ತೂತಾಗಿದೆ, ಹೊಸದೇ ಹಾಕಬೇಕು’ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಹೊಸ ಗೀಸರ್ ಗೋಡೆಗೇರುತ್ತದೆ. ಬಿಲ್ಲು ಕೈಗೆ ಬರುತ್ತದೆ. ಯಂತ್ರದ ಬೆಲೆಯ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ, ಏಕೆಂದರೆ ಅದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಪೈಪು, ವಾಲ್ವುಗಳ ಬೆಲೆಯನ್ನೂ ಗೊಣಗುತ್ತಲೇ ಒಪ್ಪಿಕೊಳ್ಳುತ್ತಾರೆ. ಮಾತು ಬೆಳೆಯುವುದು ಕೊನೆಯ ಸಾಲಿಗೆ ಬಂದಾಗ. ಅದು ಕೂಲಿ. ‘ಎರಡು ತಾಸಿನ ಕೆಲಸಕ್ಕೆ ಇಷ್ಟು ದುಡ್ಡೆ? ಅಜ್ಜಿಯ ಕಾಲದ ಹಂಡೆಗೆ ಒಂದು ಕಾಸೂ ಖರ್ಚಿರಲಿಲ್ಲ!’

ಈ ಮಾತು ಕರಾವಳಿಯಲ್ಲಷ್ಟೇ ಅಲ್ಲ, ರಾಜ್ಯದ ಯಾವ ಊರಿನಲ್ಲೂ ಕೇಳಿಬರುವಂಥದು. ಆದರೆ ಇದು ನಿಜವೆ? ಅಜ್ಜಿಯ ಕಾಲದಲ್ಲಿ ಬಿಸಿನೀರು ನಿಜವಾಗಿ ಪುಕ್ಕಟೆಯಾಗಿತ್ತೆ? ಹಾಗಿದ್ದರೆ ಆ ನೀರನ್ನು ಸೇದಿದವರು, ಕಟ್ಟಿಗೆ ತಂದವರು, ಬೆಳಗಿನ ಜಾವ ಎದ್ದು ಒಲೆ ಊದಿದವರು ಯಾರು? ಒಂದು ಬಕೆಟ್ ಬಿಸಿನೀರಿನ ಚರಿತ್ರೆಯನ್ನು ಹಿಂಬಾಲಿಸಿ ಹೋದರೆ, ನಾವು ಖರ್ಚು ಎಂದು ಬರೆದಿಡುವುದು ಯಾವುದನ್ನು, ಬರೆಯದೇ ಬಿಡುವುದು ಯಾವುದನ್ನು ಎಂಬುದು ತಿಳಿಯುತ್ತದೆ.

ಹಂಡೆಗೂ ಒಂದು ಹಬ್ಬ

ಉತ್ತರ ಕನ್ನಡದ ಹಳೆಯ ಮನೆಗಳಲ್ಲಿ ಬಚ್ಚಲು ಮನೆಯ ಹಿಂಬದಿಗೆ, ಬಾವಿಗೆ ಹತ್ತಿರವಾಗಿ ಇರುತ್ತಿತ್ತು. ಚಿರೇಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ದೊಡ್ಡ ಒಲೆ. ಅದರಲ್ಲಿ ಕುತ್ತಿಗೆಯವರೆಗೆ ಹುಗಿದು ಕೂರಿಸಿದ ತಾಮ್ರದ ಹಂಡೆ. ಬಡವರ ಮನೆಯಲ್ಲಿ ತಾಮ್ರದ ಬದಲು ಮಣ್ಣಿನ ಗಡಿಗೆಯೋ ಆಮೇಲಿನ ಕಾಲದ ಅಲ್ಯೂಮಿನಿಯಂ ಪಾತ್ರೆಯೋ ಇರುತ್ತಿತ್ತು. ಧಾರವಾಡ, ಬೆಳಗಾವಿಯ ಕಡೆ ನಡುವೆ ಕೊಳವೆಯಿರುವ ತಾಮ್ರದ ಸಾಧನವೊಂದು ಬಳಕೆಗೆ ಬಂತು. ಅದಕ್ಕೆ ಬಂಬ್ ಎಂದು ಹೆಸರು. ಕೊಳವೆಯೊಳಗೆ ಬೆಂಕಿ, ಸುತ್ತ ನೀರು, ಕೆಳಗೊಂದು ನಲ್ಲಿ. ಇದನ್ನೇ ಹಲವೆಡೆ ಬಾಯ್ಲರ್ ಎಂದೂ ಕರೆಯುತ್ತಾರೆ. ಕನ್ನಡದ ಮನೆಗಳಿಗೆ ಬಾಯ್ಲರ್ ಎಂಬ ಮಾತು ಬಂದದ್ದು ರೈಲಿನ ಎಂಜಿನ್ನಿಗಾಗಿ ಮಾತ್ರವಲ್ಲ, ಬಚ್ಚಲಿಗಾಗಿಯೂ ಹೌದು.

ಬೆವರು ಸುರಿಯುವ ಕರಾವಳಿಯಲ್ಲಿ ಬಿಸಿನೀರೇಕೆ ಎಂದು ಬಯಲುಸೀಮೆಯವರಿಗೆ ಅನ್ನಿಸಬಹುದು. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈ ಒಣಗುವುದೇ ಅಪರೂಪ. ಗದ್ದೆಯ ಕೆಸರಿನಿಂದ ಬಂದವರಿಗೆ, ದೋಣಿ ಇಳಿದು ಬಂದವರಿಗೆ, ಗಜನಿಯ ಉಪ್ಪುನೀರಿನಲ್ಲಿ ನಿಂತು ದುಡಿದವರಿಗೆ ಬಿಸಿನೀರು ಶೋಕಿಯಲ್ಲ, ಔಷಧ. ಬಾಣಂತಿಯ ಮನೆಯಲ್ಲಂತೂ ದಿನಕ್ಕೆರಡು ಹಂಡೆ ನೀರು ಕಾಯಲೇಬೇಕು. ಎಣ್ಣೆ ಹಚ್ಚಿ ಮೈ ತಿಕ್ಕಿ, ಸುಡುವ ನೀರನ್ನು ಬೆನ್ನಿಗೆ ಬೀಸಿ ಹೊಯ್ಯುವ ಆ ಸ್ನಾನವನ್ನು ಮಾಡಿಸಲು ಅನುಭವಸ್ಥ ಹೆಂಗಸೊಬ್ಬರು ಬೇರೆಯೇ ಇರುತ್ತಿದ್ದರು.

ಇಂಥ ಹಂಡೆಗೆ ವರ್ಷಕ್ಕೊಮ್ಮೆ ಪೂಜೆಯೂ ಸಲ್ಲುತ್ತದೆ. ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು, ಬೂದಿ ಹಾಕಿ ಹಂಡೆಯನ್ನು ಫಳಫಳ ಹೊಳೆಯುವಂತೆ ತಿಕ್ಕಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿ, ಸುಣ್ಣ-ಕೆಮ್ಮಣ್ಣಿನ ಗೆರೆ ಎಳೆದು, ಕಹಿ ಹಿಂಡಲಕಾಯಿಯ ಬಳ್ಳಿಯನ್ನು ಕುತ್ತಿಗೆಗೆ ಸುತ್ತುತ್ತಾರೆ. ಮರುದಿನ ನಸುಕಿನಲ್ಲಿ ಅಭ್ಯಂಜನ. ಸ್ನಾನಕ್ಕೆ ಮೊದಲು ಹಿಂಡಲಕಾಯಿಯನ್ನು ಕಾಲಿನಿಂದ ಒಡೆದರೆ ನರಕಾಸುರ ಸತ್ತಂತೆ. ಹಂಡೆ ಹೋಗಿ ಗೀಸರ್ ಬಂದ ಮನೆಗಳಲ್ಲಿ ಈಗ ಅದರ ನಲ್ಲಿಗೇ ಹಿಂಡಲಕಾಯಿ ಕಟ್ಟುವವರಿದ್ದಾರೆ. ನೀರು ಕಾಯಿಸುವ ಸಾಧನಕ್ಕೆ ಒಂದು ಮರ್ಯಾದೆ ಸಲ್ಲಬೇಕೆಂಬ ಭಾವನೆ ಹಾಗೆ ಉಳಿದುಬಂದಿದೆ.

ಬಿಸಿನೀರಿನ ಸುಖ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಸ್ನಾನಕ್ಕೆಂದೇ ಒಂದು ಭಾಗವಿದೆ. ಎಣ್ಣೆ, ಸುಗಂಧ, ಮೈ ಉಜ್ಜುವ ಪರಿ ಎಲ್ಲದರ ವಿವರ ಅದರಲ್ಲಿ ಸಿಗುತ್ತದೆ. ಅರಸ ತನ್ನ ನೀರನ್ನು ತಾನೇ ಕಾಯಿಸಿಕೊಳ್ಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸುಖದ ವರ್ಣನೆ ಗ್ರಂಥಕ್ಕೆ ಏರಿತು. ಒಲೆಯ ಮುಂದೆ ಕೂತವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಬರೆದಿಡದ ದುಡಿಮೆ

ಆ ಲೆಕ್ಕವನ್ನು ಈಗ ಹಾಕಿ ನೋಡಬಹುದು. ಐದು ಜನರ ಒಂದು ಸಂಸಾರ. ತಲೆಗೆ ದಿನಕ್ಕೆ 15 ಲೀಟರಿನಂತೆ 75 ಲೀಟರ್ ಬಿಸಿನೀರು. ಒಂದು ಕೊಡಪಾನದಲ್ಲಿ 12 ಲೀಟರ್ ಹಿಡಿಯುತ್ತದೆ ಎಂದರೆ ಬಾವಿಯಿಂದ ಬಚ್ಚಲಿಗೆ ಆರೇಳು ಸಲ ಹೋಗಿಬರಬೇಕು. ದಿನಕ್ಕೆ 75 ಕಿಲೊ; ವರ್ಷಕ್ಕೆ 27 ಟನ್‌ಗೂ ಹೆಚ್ಚು. ಒಂದು ದೊಡ್ಡ ಲಾರಿ ಹೊರಲಾರದಷ್ಟು ನೀರನ್ನು ಆ ಮನೆಯ ಹೆಂಗಸು ವರ್ಷಾವಧಿಯಲ್ಲಿ ಸೊಂಟದ ಮೇಲೆ ಹೊತ್ತಿರುತ್ತಾಳೆ. ಇದು ಸ್ನಾನದ ನೀರಿನ ಲೆಕ್ಕ ಮಾತ್ರ. ಅಡಿಗೆ, ಪಾತ್ರೆ, ಬಟ್ಟೆ, ದನಕರು ಇದರಲ್ಲಿ ಸೇರಿಲ್ಲ.

ಇನ್ನು ಕಟ್ಟಿಗೆ. 26 ಡಿಗ್ರಿಯ ಬಾವಿ ನೀರನ್ನು ಮೈಗೆ ಹಿತವಾಗುವ 41 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ಹೆಚ್ಚೇನಲ್ಲ. 75 ಲೀಟರಿಗೆ ವಿದ್ಯುತ್ತಿನ ಲೆಕ್ಕದಲ್ಲಿ 1.3 ಯೂನಿಟ್. ಆದರೆ ತೆರೆದ ಒಲೆಯಲ್ಲಿ ಉರಿಯುವ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಹದಿನೈದು ಪಾಲು ನೀರಿಗೆ ಸೇರಿದರೆ ಅದೇ ಹೆಚ್ಚು. ಉಳಿದದ್ದು ಗೋಡೆ, ಗಾಳಿ, ಹೊಗೆಯ ಪಾಲು. ಹೀಗಾಗಿ ದಿನಕ್ಕೆ ಕನಿಷ್ಠ 2 ಕಿಲೊ ಒಣ ಕಟ್ಟಿಗೆ ಬೇಕು. ವರ್ಷಕ್ಕೆ 700 ಕಿಲೊ ದಾಟುತ್ತದೆ. 25 ಕಿಲೊಗೊಂದು ಹೊರೆ ಎಂದರೆ ಸುಮಾರು 30 ತಲೆಹೊರೆ. ಕರಾವಳಿಯ ಹಿತ್ತಿಲುಗಳಲ್ಲಿ ತೆಂಗಿನ ಮಡಲು, ಸಿಪ್ಪೆ, ಕರಟಗಳು ಈ ಭಾರವನ್ನು ಒಂದಿಷ್ಟು ಇಳಿಸುತ್ತಿದ್ದವು. ತೆಂಗಿನ ಮರವಿಲ್ಲದವರಿಗೆ ಗುಡ್ಡವೇ ಗತಿ. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಕೂಡಿಡದಿದ್ದರೆ ಹಸಿ ಕೊಳ್ಳಿಯನ್ನು ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು.

ವಿದ್ವಾಂಸರು ಇದನ್ನು ಗಮನಿಸುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಮುಕ್ಕಾಲು ಕಳೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಪುರ ಮತ್ತು ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಅವರ ತಂಡ ಮನೆಮನೆಗೆ ಹೋಗಿ, ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರು ಎಷ್ಟು ತಾಸು ದುಡಿಯುತ್ತಾರೆ ಎಂದು ಅಳೆಯಿತು. ಹಳ್ಳಿಯ ಶಕ್ತಿಯ ಬಹುಪಾಲು ಕಟ್ಟಿಗೆಯದು, ಅದರ ಬಹುಪಾಲು ಒಲೆಗೆ ಹೋಗುತ್ತದೆ, ಅದನ್ನು ಕೂಡಿಸುವವರಲ್ಲಿ ಹೆಂಗಸರ ಮತ್ತು ಮಕ್ಕಳ ದುಡಿಮೆ ದೊಡ್ಡದು ಎಂಬುದು ಅಂಕಿಗಳಲ್ಲಿ ಕಾಣಿಸಿತು. ಕಡಿಮೆ ಕಟ್ಟಿಗೆ ನುಂಗುವ ‘ಅಸ್ತ್ರ ಒಲೆ’ ಹುಟ್ಟಿದ್ದು ಇಂಥ ಅಧ್ಯಯನದಿಂದ. ಅಡಿಗೆಯ ಒಲೆಯಷ್ಟೇ ಅಲ್ಲ, ಬಚ್ಚಲ ಒಲೆಯನ್ನೂ ಸುಧಾರಿಸುವ ಪ್ರಯತ್ನ ನಡೆಯಿತು.

ಕಟ್ಟಿಗೆಗೆ ಬಂದ ಕಾನೂನು

ಕಟ್ಟಿಗೆ ಪುಕ್ಕಟೆ ಎಂಬ ಮಾತೂ ಅರ್ಧ ಸತ್ಯವೇ. ಕೆನರಾ ಜಿಲ್ಲೆಯನ್ನು ಬ್ರಿಟಿಷರು ಎರಡಾಗಿ ಸೀಳಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1865ರ ಮತ್ತು 1878ರ ಅರಣ್ಯ ಕಾಯಿದೆಗಳು ಬಂದ ಮೇಲೆ ಕಾಡು ಸರ್ಕಾರದ್ದಾಯಿತು. ಅಲ್ಲಿಯವರೆಗೆ ರೂಢಿಯಾಗಿದ್ದುದು ಆಮೇಲೆ ‘ಸವಲತ್ತು’ ಎನ್ನಿಸಿಕೊಂಡಿತು. ಯಾವ ಮರ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಒಣ ಕಟ್ಟಿಗೆ ಎಲ್ಲಿಂದ ತರಬಹುದು ಎಂಬುದನ್ನು ಗಾರ್ಡು ಹೇಳುವಂತಾಯಿತು. ಕರಾವಳಿಯ ಜನರ ದೂರುಗಳು ಎಷ್ಟು ಬೆಳೆದವೆಂದರೆ, ಜಿಲ್ಲೆಯ ಕರಾವಳಿ ಪಟ್ಟಿಯ ಅರಣ್ಯ ವ್ಯವಸ್ಥೆಯಲ್ಲಿ ಮಾಡಬೇಕಾದ ಬದಲಾವಣೆಗಳ ಬಗ್ಗೆ ಕಾಲಿನ್ಸ್ ಎಂಬ ಅಧಿಕಾರಿ ಸಿದ್ಧಪಡಿಸಿದ ವರದಿ 1921ರಲ್ಲಿ ಕಾರವಾರದಲ್ಲೇ ಅಚ್ಚಾಯಿತು. ಮುಂದೆ 1930ರ ಕಾಯಿದೆಭಂಗ ಚಳವಳಿಯಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿದ ಜನರು ಅರಣ್ಯ ಸತ್ಯಾಗ್ರಹಕ್ಕೂ ಇಳಿದರು. ಅದು ಕಟ್ಟಿಗೆಗಾಗಿ ಮಾತ್ರ ನಡೆದ ಹೋರಾಟವಲ್ಲ. ಆದರೂ ಒಲೆಗೆ ಹಾಕುವ ಪುಳ್ಳೆಗೂ ಅಪ್ಪಣೆ ಬೇಕಾಗಿ ಬಂದದ್ದು ಜನರ ಸಿಟ್ಟಿನ ಬೇರುಗಳಲ್ಲಿ ಒಂದಾಗಿತ್ತು.

ಸರ್ಕಾರವೂ ಉರುವಲಿನ ಕೊರತೆಯನ್ನು ಬಲ್ಲದ್ದಾಗಿತ್ತು. ಇಂದು ಕರಾವಳಿಯ ಗುರುತೇ ಆಗಿರುವ ಗಾಳಿಮರ ಇಲ್ಲಿಯದಲ್ಲ. ಅದನ್ನು ಭಾರತದಲ್ಲಿ ಮೊದಲು ನೆಟ್ಟದ್ದು 1868ರಲ್ಲಿ, ಕಾರವಾರದಲ್ಲಿ, ಉರುವಲಿಗಾಗಿ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರ ಕಣ್ಣಿಗೆ ಬಿದ್ದು, ಅವರ ಆತ್ಮಕಥನದಲ್ಲಿ ಸೇರಿದ್ದು ಇದೇ ಗಾಳಿತೋಪು. ಕವಿಯ ಕಣ್ಣಿಗೆ ಅದು ಸೌಂದರ್ಯ. ನೆಟ್ಟವರ ಕಣ್ಣಿಗೆ ಕಟ್ಟಿಗೆ.

ಸ್ವಾತಂತ್ರ್ಯದ ನಂತರವೂ ಅಂಕೋಲೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು ಗುಡ್ಡದಿಂದ ಹೊರೆ ಹೊತ್ತು ತಂದು ಪೇಟೆಯಲ್ಲಿ ಮಾರುತ್ತಿದ್ದರು. ಪೇಟೆಯವರು ಕೊಟ್ಟದ್ದು ಕಟ್ಟಿಗೆಯ ಬೆಲೆಯೋ, ಹೊತ್ತು ನಡೆದ ದಾರಿಯ ಬೆಲೆಯೋ ಎಂದು ಯಾರೂ ಬಿಡಿಸಿ ಕೇಳಲಿಲ್ಲ. ಅದೇ ಸಮುದಾಯದ, ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ಸಸಿ ಬೆಳೆಸಿದರು. ಅವರ ದುಡಿಮೆಗೆ ಪದ್ಮಶ್ರೀಯ ಮನ್ನಣೆ ಸಿಕ್ಕಾಗ ಎಪ್ಪತ್ತು ದಾಟಿತ್ತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕಾಡು ಉರಿದದ್ದು ಒಲೆಯಲ್ಲಿ. ಅದನ್ನು ಮತ್ತೆ ಬೆಳೆಸಿದ್ದು ಇಂಥವರ ಕೂಲಿ. ಬಿಸಿನೀರಿನ ಬೆಲೆಯಲ್ಲಿ ಇದೂ ಸೇರಬೇಕು.

ತೂಕಕ್ಕೆ ಬೆಲೆ, ಕೈಗೆ ಮಜೂರಿ

ಹಂಡೆಗೂ ರಿಪೇರಿ ಇತ್ತು. ಬೆಂಕಿಯ ಬಾಯಿಗೆ ಸದಾ ಒಡ್ಡಿಕೊಂಡ ತಳ ವರ್ಷಗಳಲ್ಲಿ ತೆಳುವಾಗಿ ಸೋರತೊಡಗುತ್ತಿತ್ತು. ಆಗ ಕಂಚುಗಾರರು ಅಥವಾ ತಾಮ್ರದ ಕೆಲಸದವರು ಅದನ್ನು ಒಲೆಯಿಂದ ಬಿಡಿಸಿ ತೇಪೆ ಹಾಕಿ ಬೆಸೆಯಬೇಕು. ಇಲ್ಲವೇ ತಳವನ್ನೇ ಕತ್ತರಿಸಿ ಹೊಸ ತಗಡು ಕೂರಿಸಬೇಕು. ಅಡಿಗೆಯ ತಾಮ್ರ-ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ತಿದಿ, ತವರ, ನವಸಾಗರ ಹಿಡಿದು ಊರೂರು ತಿರುಗುತ್ತಿದ್ದರು. ಈ ಕಸುಬುದಾರರಿಗೆ ಹಣವೇ ಸಿಗಬೇಕೆಂದಿರಲಿಲ್ಲ. ಅಕ್ಕಿ, ಭತ್ತ, ತೆಂಗಿನಕಾಯಿಗಳಲ್ಲೂ ಲೆಕ್ಕ ಚುಕ್ತಾ ಆಗುತ್ತಿತ್ತು. ಬಯಲುಸೀಮೆಯಲ್ಲಿ ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಪಾಲು ಅಳೆಯುತ್ತಿದ್ದಂತೆ, ಇಲ್ಲೂ ಕಸುಬಿನ ಕೂಲಿ ವರ್ಷದ ಸಂಬಂಧದಲ್ಲಿ ಕರಗಿಹೋಗುತ್ತಿತ್ತು.

ಮುಖ್ಯವಾಗಿ ಗಮನಿಸಬೇಕಾದದ್ದು ಖರ್ಚಿನ ಸ್ವರೂಪ. ಅಂದು ಲೋಹ ದುಬಾರಿ, ಕೈಕೆಲಸ ಅಗ್ಗ. ತಾಮ್ರದ ಪಾತ್ರೆ ತೂಕಕ್ಕೆ ಮಾರಾಟವಾಗುತ್ತಿತ್ತು. ಮಜೂರಿ ಅದರ ಮೇಲೊಂದು ಚಿಕ್ಕ ಸೇರ್ಪಡೆ. ಹತ್ತು ಕಿಲೊ ಹಂಡೆ ಮೂವತ್ತು ವರ್ಷ ಉರಿದ ಮೇಲೂ ಎಂಟೊಂಬತ್ತು ಕಿಲೊ ತಾಮ್ರವಾಗಿ ಉಳಿಯುತ್ತಿತ್ತು. ಅಂಗಡಿಗೆ ಕೊಟ್ಟರೆ ಅದರ ಬೆಲೆ ವಜಾ ಆಗಿ ಹೊಸದು ಬರುತ್ತಿತ್ತು. ಹೀಗಾಗಿ ಹಂಡೆಯೆಂದರೆ ಖರ್ಚಲ್ಲ, ಒಂದು ಬಗೆಯ ಠೇವಣಿ. ಮದುವೆಯಲ್ಲಿ ಹಂಡೆ ಉಡುಗೊರೆಯಾಗಿ ಬರುತ್ತಿದ್ದುದಕ್ಕೂ, ಕಷ್ಟಕಾಲದಲ್ಲಿ ಅಡವಿಗೆ ಹೋಗುತ್ತಿದ್ದುದಕ್ಕೂ ಇದೇ ಕಾರಣ. ‘ಹಂಡೆಗೆ ಖರ್ಚಿರಲಿಲ್ಲ’ ಎಂಬ ಮಾತಿನ ಮೂಲ ಇಲ್ಲಿದೆ.

ಗೀಸರಿನಲ್ಲಿ ಎಲ್ಲವೂ ತಿರುವುಮುರುವು. ಕಾರ್ಖಾನೆಯ ಸರಕು ಅಗ್ಗ, ಅದರ ಆಯುಷ್ಯ ಕಡಿಮೆ, ಕೆಟ್ಟ ಮೇಲೆ ಗುಜರಿಯವರು ಕೊಡುವುದು ಪುಡಿಗಾಸು. ಉಳಿದ ದೊಡ್ಡ ಬಾಬತ್ತು ಕೈಕೆಲಸದ್ದು. ಅದು ಅಕ್ಕಿಯಲ್ಲೂ ಕರಗುವುದಿಲ್ಲ, ವರ್ಷದ ಸಂಬಂಧದಲ್ಲೂ ಅಡಗುವುದಿಲ್ಲ. ಬಿಲ್ಲಿನಲ್ಲಿ ಎದ್ದು ಕಾಣುತ್ತದೆ.

ಲಂಡನ್ನಿನಿಂದ ಅಮದಳ್ಳಿಗೆ

ಗೀಸರ್ ಎಂಬ ಹೆಸರು ಬಂದದ್ದು ದೂರದ ಐಸ್‌ಲ್ಯಾಂಡಿನಿಂದ. ಅಲ್ಲಿ ನೆಲದೊಳಗಿನಿಂದ ಚಿಮ್ಮುವ ಗೈಸಿರ್ ಎಂಬ ಬಿಸಿನೀರ ಬುಗ್ಗೆಯ ಹೆಸರನ್ನು ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ 1868ರಲ್ಲಿ ತಾನು ರೂಪಿಸಿದ ಅನಿಲದ ನೀರೊಲೆಗೆ ಇಟ್ಟ. ಕಾರವಾರದಲ್ಲಿ ಗಾಳಿಮರ ನೆಟ್ಟದ್ದೂ ಅದೇ ವರ್ಷ ಎಂಬುದು ಕಾಕತಾಳೀಯ. ಆತನ ಯಂತ್ರಕ್ಕೆ ಹೊಗೆ ಹೊರಹೋಗುವ ದಾರಿ ಇರಲಿಲ್ಲ, ಅದು ಅಪಾಯಕಾರಿಯಾಗಿತ್ತು. ನಾರ್ವೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಎಡ್ವಿನ್ ರೂಡ್ 1889ರಲ್ಲಿ ನೀರನ್ನು ತಾನಾಗಿಯೇ ಕಾಯಿಸಿ ಶೇಖರಿಸುವ ಸುಧಾರಿತ ಯಂತ್ರವನ್ನು ತಂದ. ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಸೋಲಾರ್ ಹೀಟರ್ ತೀರ ಈಚಿನ ಕಾಲದ್ದು ಎಂದು ತಿಳಿದವರಿಗೆ ಇದು ಅಚ್ಚರಿಯ ಸಂಗತಿ.

ಈ ಯಂತ್ರ ಕಾರವಾರದ ಹಳ್ಳಿಗಳಿಗೆ ಬರಲು ಮೊದಲು ವಿದ್ಯುತ್ತು, ನಲ್ಲಿನೀರು ಎರಡೂ ಬರಬೇಕಿತ್ತು. ಕಾಳಿ ನದಿಗೆ 1980ರ ದಶಕದಲ್ಲಿ ಸೂಪಾ ಅಣೆಕಟ್ಟು ಬಂತು; 1990ರ ದಶಕದಲ್ಲಿ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. 2000ದಲ್ಲಿ ಇದೇ ತಾಲ್ಲೂಕಿನ ಕೈಗಾದಲ್ಲಿ ಅಣುವಿದ್ಯುತ್ ಘಟಕಗಳು ಉತ್ಪಾದನೆಗೆ ಇಳಿದವು. ಅಣುಸ್ಥಾವರದ ಮೂಲ ಕೆಲಸವೂ ನೀರು ಕಾಯಿಸಿ ಆವಿ ಮಾಡುವುದೇ ಎಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ. 220 ಮೆಗಾವಾಟ್ ಸಾಮರ್ಥ್ಯದ ಅದರ ಮೊದಲನೆಯ ಘಟಕ ಸತತ 962 ದಿನ ನಿಲ್ಲದೆ ನಡೆದು, 2018ರ ಕೊನೆಯಲ್ಲಿ ಆ ಕಾಲದ ವಿಶ್ವದಾಖಲೆ ಬರೆಯಿತು. ಅಣೆಕಟ್ಟುಗಳಿಗೂ ಸ್ಥಾವರಕ್ಕೂ ಮನೆ-ಗದ್ದೆ ಬಿಟ್ಟುಕೊಟ್ಟ ಜನರಿದ್ದಾರೆ. ಸ್ವಿಚ್ ಒತ್ತಿದೊಡನೆ ಬರುವ ಬಿಸಿನೀರಿನ ಹಿಂದೆ ಅವರ ಲೆಕ್ಕವೂ ಇದೆ.

ಸಮುದ್ರದ ಬದಿಯಲ್ಲಿ ಇನ್ನೊಂದು ಪಲ್ಲಟ ನಡೆಯಿತು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ-ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ತೋಡೂರು, ಅಮದಳ್ಳಿ ಮೊದಲಾದೆಡೆ ನಿರಾಶ್ರಿತರ ಕಾಲೊನಿಗಳು ಎದ್ದವು. ಹಿತ್ತಿಲಿನ ತೆಂಗು, ಮನೆಯ ಬಾವಿ, ಹಿಂಬದಿಯ ಬಚ್ಚಲು ಇದ್ದವರು ಅಳೆದುಕೊಟ್ಟ ನಿವೇಶನಕ್ಕೆ ಬಂದರು. ಅಂಥ ಜಾಗದಲ್ಲಿ ವರ್ಷದ ಕಟ್ಟಿಗೆ ಪೇರಿಸಿಡಲು ಎಡೆಯೆಲ್ಲಿ? ಮಡಲು-ಸಿಪ್ಪೆ ಕೊಡುವ ತೆಂಗೆಲ್ಲಿ? ಒಲೆ ಬಿಟ್ಟು ಗೀಸರಿಗೆ ಬಂದದ್ದು ಎಲ್ಲರಿಗೂ ಅನುಕೂಲದ ಆಯ್ಕೆಯಾಗಿರಲಿಲ್ಲ. ಕೆಲವರಿಗೆ ಬೇರೆ ದಾರಿಯೇ ಉಳಿದಿರಲಿಲ್ಲ.

ಸೀಸದಿಂದ ಬಂದ ಹೆಸರು

ಹೀಗೆ ಕಂಚುಗಾರರ ಜಾಗಕ್ಕೆ ಬಂದವರು ಪ್ಲಂಬರ್. ರೋಮನ್ನರು ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ಪ್ಲಂಬಮ್ ಎಂದು ಹೆಸರು. ಪ್ಲಂಬರ್ ಎಂಬ ಮಾತು ಹುಟ್ಟಿದ್ದು ಅದರಿಂದ. ಭಾರತದಲ್ಲಿ ಈ ಕಸುಬಿಗೆ ಹೆಸರಾದದ್ದು ಒಡಿಶಾದ ಕೇಂದ್ರಾಪಾಡಾ ಜಿಲ್ಲೆ. ಅಲ್ಲಿನ ಪಟ್ಟಾಮುಂಡೈ ಕಡೆಯ ಯುವಕರು ದೇಶದ ಮೂಲೆಮೂಲೆಗಳಲ್ಲಿ ಪೈಪು ಕೂರಿಸುತ್ತಿದ್ದಾರೆ. ನಮ್ಮಲ್ಲಿ ಐಟಿಐಗಳು ಪ್ಲಂಬರ್ ಕಸುಬನ್ನು ಒಂದು ವರ್ಷ, ಎಲೆಕ್ಟ್ರಿಷಿಯನ್ ಕಸುಬನ್ನು ಎರಡು ವರ್ಷ ಕಲಿಸುತ್ತವೆ. ಗೀಸರಿಗೆ ಈ ಎರಡೂ ಬೇಕು. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯಲ್ಲಿ ಕೂಡುವ ಜಾಗವದು.

ಪ್ಲಂಬರ್ ಮಾಡುವ ಕೆಲಸವೂ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ತಣ್ಣೀರಿಗೆ ಹಾಕುವ ಸಾದಾ ಪಿವಿಸಿ ಪೈಪು ಬಿಸಿನೀರಿಗೆ ಮೆತ್ತಗಾಗುತ್ತದೆ. ಅದಕ್ಕೆ ಸಿಪಿವಿಸಿ ಬೇಕು. ಕಬ್ಬಿಣದ ಜಿಐ ಪೈಪಿನ ಕಾಲದಲ್ಲಿ ಮರೆ ಕೊರೆಯುವ ತೋಳ್ಬಲ ಬೇಕಿತ್ತು, ಈಗ ಅಂಟಿನಿಂದ ಕೂಡಿಸುವ ಹದ ಬೇಕು. ಒಳಗಿನ ಒತ್ತಡ ಮಿತಿಮೀರಿದರೆ ನೀರನ್ನು ಹೊರಬಿಡುವ ಸುರಕ್ಷತಾ ವಾಲ್ವನ್ನು ಬಂದ್ ಮಾಡಿ ಕೂರಿಸಿದರೆ, ಥರ್ಮೋಸ್ಟಾಟ್ ಕೈಕೊಟ್ಟ ದಿನ ಗೀಸರ್ ಸಿಡಿಯಬಲ್ಲದು. ಅರ್ತಿಂಗ್ ಸರಿಯಿಲ್ಲದಿದ್ದರೆ ಒದ್ದೆ ಮೈಗೆ ಶಾಕ್ ಹೊಡೆಯುತ್ತದೆ. ಗ್ಯಾಸ್ ಗೀಸರನ್ನು ಕಿಟಕಿಯಿಲ್ಲದ ಬಚ್ಚಲೊಳಗೆ ಹಾಕಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಜೀವವನ್ನೇ ತೆಗೆಯುತ್ತದೆ. ಬ್ರಿಟನ್ನಿನಲ್ಲಿ ಮನೆಯ ಬಾಯ್ಲರ್ ಎಂದರೆ ಬಹುತೇಕ ಗ್ಯಾಸಿನದೇ. 2009ರಿಂದ ‘ಗ್ಯಾಸ್ ಸೇಫ್’ ಎಂಬ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿ ಆ ಕೆಲಸವನ್ನು ಕಸುಬಾಗಿ ಮಾಡುವಂತಿಲ್ಲ. ಅಲ್ಲಿ ಬಾಯ್ಲರ್ ಬದಲಾಯಿಸುವ ಕೂಲಿ ಹೆಚ್ಚಿರುವುದಕ್ಕೆ ಆ ಅರ್ಹತೆಯ ಬೆಲೆಯೂ ಒಂದು ಕಾರಣ.

ಕರಾವಳಿಯ ನೀರು ಬೇರೆ ಯಂತ್ರಕ್ಕೆ ಹಗೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣ ಹೆಚ್ಚು. ಕಾಯಿಸುವ ಸುರುಳಿಗೆ ಬಿಳಿ ಹೊದಿಕೆ ಕಟ್ಟುತ್ತದೆ. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಸುಣ್ಣ ಕಡಿಮೆ, ಆದರೆ ತುಸು ಹುಳಿಯ ಗುಣದ ನೀರು ಲೋಹವನ್ನು ತಿನ್ನುತ್ತದೆ. ಅಳಿವೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಇದನ್ನು ತಡೆಯಲೆಂದೇ ಗೀಸರಿನೊಳಗೆ ಮೆಗ್ನೀಸಿಯಂ ಸಲಾಕೆಯೊಂದನ್ನು ಇಟ್ಟಿರುತ್ತಾರೆ. ಟ್ಯಾಂಕಿನ ಬದಲು ತಾನು ಕರಗಿ ಅದನ್ನು ಕಾಯುವುದು ಅದರ ಕೆಲಸ. ಅದು ಪೂರ್ತಿ ಕರಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು. ಒಂದೆರಡು ವರ್ಷಕ್ಕೊಮ್ಮೆ ಅದನ್ನು ತೆಗೆಸಿ ನೋಡಿ, ಸವೆದಿದ್ದರೆ ಬದಲಿಸಿದರೆ ಇಡೀ ಗೀಸರ್ ಬದಲಿಸುವ ಖರ್ಚನ್ನು ಬಹಳ ಕಾಲ ಮುಂದೂಡಬಹುದು.

ಈಗ ಆ ‘ಎರಡು ತಾಸಿನ ಕೂಲಿ’ಯನ್ನು ಬಿಡಿಸಿ ನೋಡಬಹುದು. ಲೆಕ್ಕಕ್ಕೆಂದು ಅದು 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳ್ಳಿಗೆ ಹೋಗಿಬರುವ ಪೆಟ್ರೋಲು ಮತ್ತು ಸಮಯ ಅದರಲ್ಲಿದೆ. ಸರಿಯಾದ ಅಳತೆಯ ಬೆಂಡು, ನಿಪ್ಪಲ್ಲು ಸಿಗದೆ ಮತ್ತೊಮ್ಮೆ ಅಂಗಡಿಗೆ ಓಡುವುದಿದೆ. ಡ್ರಿಲ್ ಯಂತ್ರ, ಪಾನಾಗಳ ಸವಕಳಿಯಿದೆ. ಸಂಬಳವಿಲ್ಲದ ಭಾನುವಾರ, ಕೆಲಸ ಸಿಗದ ದಿನ, ಜ್ವರ ಬಂದ ವಾರ, ಪಿಂಚಣಿಯಿಲ್ಲದ ಮುಪ್ಪು ಎಲ್ಲವೂ ಅದರಲ್ಲೇ ಹೊಂದಬೇಕು. ಎರಡು ತಾಸಿನ ಕೆಲಸ ಹೆಚ್ಚುಕಡಿಮೆ ಅರ್ಧ ದಿನವನ್ನು ನುಂಗಿರುತ್ತದೆ.

ಹಾಗೆಂದು ಕೇಳಿದಷ್ಟು ಕೊಡಬೇಕೆಂದಲ್ಲ. ದರಕ್ಕೆ ಕಟ್ಟುನಿಟ್ಟಿಲ್ಲದಿರುವುದು, ರಸೀದಿ ಇಲ್ಲದಿರುವುದು, ಸಲಾಕೆ ಬದಲಿಸಿದರೆ ಸಾಕಾಗುವಲ್ಲಿ ಹೊಸ ಯಂತ್ರವನ್ನೇ ಹೇಳುವುದು ಗ್ರಾಹಕರ ನ್ಯಾಯವಾದ ದೂರುಗಳು. ಸಾಮಾನಿನ ಬಿಲ್ಲನ್ನು ಅಂಗಡಿಯಿಂದಲೇ ಪಡೆಯುವುದು, ಕೂಲಿಯನ್ನು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳುವುದು, ಹಳೆಯ ಯಂತ್ರ ಏಕೆ ಕೆಟ್ಟಿತೆಂದು ಬಿಚ್ಚಿಸಿ ನೋಡುವುದು ಇಬ್ಬರಿಗೂ ಒಳ್ಳೆಯದು.

ಸೊನ್ನೆ ಬಿಲ್ಲಿನ ಕಾಲ

ಕೂಲಿ ಇಷ್ಟು ಎದ್ದು ಕಾಣುವುದಕ್ಕೆ ಇನ್ನೊಂದು ಕಾರಣವೂ ಸೇರಿದೆ. 75 ಲೀಟರ್ ನೀರಿಗೆ ಗೀಸರಿನ ನಷ್ಟವೂ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್, ತಿಂಗಳಿಗೆ 45ರಿಂದ 60 ಯೂನಿಟ್ ವಿದ್ಯುತ್ತು ಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಬಳಕೆಯ ಸರಾಸರಿಗೆ ಶೇಕಡ 10 ಸೇರಿಸಿ, 200 ಯೂನಿಟ್ ಮೀರದಂತೆ ಮನೆಗಳಿಗೆ ವಿದ್ಯುತ್ತನ್ನು ಉಚಿತಗೊಳಿಸಲಾಯಿತು. ಬಿಲ್ಲು ಸೊನ್ನೆಯಾದ ಮನೆಗಳಲ್ಲಿ ಬಿಸಿನೀರಿಗಾಗಿ ಕಿಸೆಯಿಂದ ಕೊಡುವ ಹಣವೆಂದರೆ ಯಂತ್ರದ್ದು ಮತ್ತು ಪ್ಲಂಬರ್ ಅವರದ್ದು ಮಾತ್ರ. ವಿದ್ಯುತ್ತಿನ ಬೆಲೆ ಇಲ್ಲವಾಗಿಲ್ಲ. ಅದನ್ನು ಸರ್ಕಾರದ ಬೊಕ್ಕಸ ಕೊಡುತ್ತಿದೆ. ಬೆಲೆ ಮತ್ತೊಮ್ಮೆ ಕಣ್ಮರೆಯ ಜಾಗಕ್ಕೆ ಸರಿದಿದೆ, ಅಷ್ಟೆ.

ಬಿಸಿಲು ಮಾತ್ರ ನಿಜಕ್ಕೂ ಪುಕ್ಕಟೆ. ಬೆಂಗಳೂರಿನಲ್ಲಿ 2007ರಿಂದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದ ಮೇಲೆ ತಾರಸಿಗಳ ಮೇಲೆ ಅವು ಸಾಲುಗಟ್ಟಿದವು. ನೂರು ಲೀಟರಿಗೆ ಎರಡು ಚದರ ಮೀಟರ್ ಫಲಕ ಸಾಕು. ಆದರೆ ಕರಾವಳಿಯಲ್ಲಿ ಬಿಸಿನೀರು ಅತಿ ಹೆಚ್ಚು ಬೇಕಾಗುವ ನಾಲ್ಕು ತಿಂಗಳು ಸೂರ್ಯನೇ ಕಾಣುವುದಿಲ್ಲ. ಹೀಗಾಗಿ ಅಮದಳ್ಳಿಯ ಕಡೆಯ ಊರುಗಳಲ್ಲಿ ಸೋಲಾರ್ ಇದ್ದರೂ ಗೀಸರೋ ಒಲೆಯೋ ಜೊತೆಗೆ ಬೇಕು. ಹಿತ್ತಿಲಿರುವ ಮನೆಗಳಲ್ಲಿ ತೆಂಗಿನ ಸಿಪ್ಪೆಯ ಬಾಯ್ಲರ್ ಇನ್ನೂ ಉರಿಯುತ್ತಿರುವುದು ಹಳತಿನ ಮೋಹದಿಂದಲ್ಲ, ಲೆಕ್ಕಾಚಾರದಿಂದ.

ಬಿಸಿನೀರು ಎಂದೂ ಪುಕ್ಕಟೆಯಾಗಿರಲಿಲ್ಲ. ಅದರ ಬೆಲೆಯನ್ನು ಒಂದು ಕಾಲದಲ್ಲಿ ಗುಡ್ಡ ಕೊಟ್ಟಿತು, ಕೊಡಪಾನ ಹೊತ್ತ ಸೊಂಟ ಕೊಟ್ಟಿತು, ಹೊಗೆ ಕುಡಿದ ಕಣ್ಣು ಕೊಟ್ಟಿತು. ಆ ದುಡಿಮೆಗೆ ದರ ಕಟ್ಟಿರಲಿಲ್ಲವಾದ್ದರಿಂದ ಅದು ಖರ್ಚೆನಿಸಲಿಲ್ಲ. ಬಚ್ಚಲಿನಲ್ಲಿ ನಡೆದ ಕೆಲಸಕ್ಕೆ ‘ಇಷ್ಟು’ ಎಂದು ಕೇಳಿ ಪಡೆಯುವವರು ಈಗ ಬಂದಿದ್ದಾರೆ. ಅವರೊಂದಿಗೆ ಚೌಕಾಸಿ ನಡೆಯಲಿ, ಅದು ವ್ಯವಹಾರ. ಆದರೆ ಆ ಚೌಕಾಸಿಯಲ್ಲಿ ಅಜ್ಜಿಯ ಹಂಡೆಯನ್ನು ಸಾಕ್ಷಿಗೆ ಕರೆಯುವ ಮುನ್ನ, ವರ್ಷಕ್ಕೆ 27 ಟನ್ ನೀರು ಮತ್ತು 30 ಹೊರೆ ಕಟ್ಟಿಗೆಗೆ ಅಜ್ಜಿಗೆ ಸಂದ ಕೂಲಿ ಎಷ್ಟು ಎಂಬುದನ್ನೂ ಒಮ್ಮೆ ಕೇಳಿಕೊಳ್ಳಬೇಕು.